ಹಳೆಯ ಸ್ಪೋರ್ಟ್ಸ್ ಕಾರಿಗೆ ಯಾವ ಬ್ರೇಕ್ ಆಯಿಲ್ ಸೂಕ್ತ?

ಹಳೆಯ ಕಾರುಗಳ ವಿಷಯ ಬಂದಾಗ ಮಾತು ಸಾಮಾನ್ಯವಾಗಿ ಎಂಜಿನ್, ಬಣ್ಣ, ಸೀಟಿನ ಚರ್ಮ ಹಾಗೂ ಬಿಡಿಭಾಗಗಳ ಬೆಲೆಯ ಸುತ್ತಲೇ ಸುತ್ತುತ್ತದೆ. ಓಡುವ ಕಾರನ್ನು ನಿಲ್ಲಿಸುವ ಅರ್ಧ ಲೀಟರ್ ದ್ರವದ ಬಗ್ಗೆ ವಿಚಾರಿಸುವವರು ಕಡಿಮೆ. ಅದೇ ದ್ರವದ ಆಯ್ಕೆಯಲ್ಲಿ ತಪ್ಪಾದರೆ ಲಕ್ಷಾಂತರ ರೂಪಾಯಿ ಸುರಿದು ಸಿದ್ಧಪಡಿಸಿದ ಕಾರು ಇಳಿಜಾರಿನಲ್ಲಿ ನಿಲ್ಲದೆ ಹೋಗಬಹುದು. ಆಗ ಅಪಾಯಕ್ಕೆ ಒಳಗಾಗುವವರು ಕಾರಿನಲ್ಲಿರುವವರು ಮಾತ್ರವಲ್ಲ, ಎದುರಿನಿಂದ ಬರುವವರೂ ಹೌದು.

ಬೆಂಗಳೂರಿನಿಂದ ಪೂರ್ವಕ್ಕೆ ಹೊರಡುವ ಹಳೆಯ ಕಾರುಗಳಿಗೆ ಕೋಲಾರ ಜಿಲ್ಲೆಯ ರಸ್ತೆಗಳು ಒಳ್ಳೆಯ ಪರೀಕ್ಷೆಯನ್ನೇ ಒಡ್ಡುತ್ತವೆ. ಕೋಲಾರ ಮತ್ತು ಮುಳಬಾಗಿಲಿನವರೆಗಿನ ರಾಷ್ಟ್ರೀಯ ಹೆದ್ದಾರಿ 75, ಅಂದರೆ ಹಿಂದಿನ ಹೆದ್ದಾರಿ 4, ಅಗಲವಾಗಿದ್ದು ವೇಗಕ್ಕೆ ಆಹ್ವಾನ ನೀಡುತ್ತದೆ. ಮಾಲೂರಿನ ಕಡೆ ಇಟ್ಟಿಗೆ, ಹೆಂಚು ಹೊತ್ತ ಲಾರಿಗಳು; ಶ್ರೀನಿವಾಸಪುರದ ಕಡೆ ಮಾವಿನ ಸುಗ್ಗಿ ಬಂತೆಂದರೆ ಮಂಡಿಗೆ ಸಾಲುಗಟ್ಟುವ ಟ್ರಾಕ್ಟರು, ಟೆಂಪೋಗಳು. ಮುಳಬಾಗಿಲು ದಾಟಿ ನಂಗಲಿ, ಪಲಮನೇರು ಮಾರ್ಗವಾಗಿ ಚಿತ್ತೂರಿನತ್ತ ಹೊರಟರೆ ಮೊಗಿಲಿ ಘಾಟಿಯ ಇಳಿಜಾರು ಎದುರಾಗುತ್ತದೆ. ಮುಳಬಾಗಿಲು ಸಮುದ್ರಮಟ್ಟದಿಂದ ಸುಮಾರು 800 ಮೀಟರ್ ಎತ್ತರದಲ್ಲಿದ್ದರೆ ಚಿತ್ತೂರು ಸುಮಾರು 300 ಮೀಟರ್ ಎತ್ತರದಲ್ಲಿದೆ. ಈ ಅಂತರವನ್ನು ಇಳಿಯುವಾಗ ಹುಟ್ಟುವ ಶಾಖವನ್ನೆಲ್ಲ ಬ್ರೇಕ್ ತಾಳಿಕೊಳ್ಳಬೇಕು.

ಹೆಸರಿಗೆ ಆಯಿಲ್, ಗುಣದಲ್ಲಿ ಎಣ್ಣೆಯಲ್ಲ

ಗ್ಯಾರೇಜುಗಳಲ್ಲಿ, ಬಿಡಿಭಾಗದ ಅಂಗಡಿಗಳಲ್ಲಿ ಎಲ್ಲರೂ ಇದನ್ನು ಬ್ರೇಕ್ ಆಯಿಲ್ ಎಂದೇ ಕರೆಯುತ್ತಾರೆ. ಅನೇಕ ಅನಾಹುತಗಳಿಗೆ ಈ ಹೆಸರೇ ಮೂಲ. ಬಹುತೇಕ ಕಾರುಗಳಲ್ಲಿ ಬಳಕೆಯಾಗುವ ಬ್ರೇಕ್ ದ್ರವ ಗ್ಲೈಕಾಲ್ ಈಥರ್ ಎಂಬ ರಾಸಾಯನಿಕ ವರ್ಗಕ್ಕೆ ಸೇರಿದ್ದು. ಅದು ನೀರಿನೊಂದಿಗೆ ಸಲೀಸಾಗಿ ಬೆರೆಯುತ್ತದೆ, ಪೆಟ್ರೋಲಿಯಂ ಎಣ್ಣೆಯೊಂದಿಗೆ ಬೆರೆಯುವುದಿಲ್ಲ. ಬ್ರೇಕಿನೊಳಗಿನ ರಬ್ಬರುಗಳನ್ನು ಈ ದ್ರವಕ್ಕೆ ಹೊಂದುವಂತೆಯೇ ತಯಾರಿಸಲಾಗಿರುತ್ತದೆ.

ಆಯಿಲ್ ಎಂಬ ಹೆಸರನ್ನು ನಂಬಿ ಎಂಜಿನ್ ಆಯಿಲ್, ಸ್ಟೀರಿಂಗ್ ಆಯಿಲ್ ಅಥವಾ ಗೇರ್ ಆಯಿಲ್ ಸುರಿದರೆ ರಬ್ಬರು ಉಬ್ಬಿ ಮೆತ್ತಗಾಗುತ್ತದೆ. ಮೊದಲ ಕೆಲವು ಕಿಲೋಮೀಟರ್ ಕಾರು ಸರಿಯಾಗಿಯೇ ಓಡಬಹುದು. ಬಳಿಕ ಉಬ್ಬಿದ ರಬ್ಬರು ಸಿಲಿಂಡರಿನೊಳಗೆ ಸಿಕ್ಕಿಕೊಂಡು ಬ್ರೇಕ್ ಬಿಡದೆ ಚಕ್ರ ಬಿಸಿಯಾಗುತ್ತದೆ, ಅಥವಾ ರಬ್ಬರಿನ ಅಂಚು ಹರಿದು ಪೆಡಲ್ ತಳ ಮುಟ್ಟುತ್ತದೆ. ಒಂದು ಬಾರಿ ಇಂಥ ಎಣ್ಣೆ ಸೇರಿದ ವ್ಯವಸ್ಥೆಯನ್ನು ತೊಳೆದು ಸರಿಪಡಿಸಲು ಬರುವುದಿಲ್ಲ. ಪ್ರತಿಯೊಂದು ರಬ್ಬರು ಮತ್ತು ಹೋಸ್ ಪೈಪನ್ನು ಬದಲಿಸುವುದೊಂದೇ ದಾರಿ.

ಸಂಶಯ ಬಂದರೆ ಸರಳ ಪರೀಕ್ಷೆಯೊಂದಿದೆ. ಗಾಜಿನ ಲೋಟದಲ್ಲಿ ನೀರು ಹಾಕಿ ಅದಕ್ಕೆ ಬ್ರೇಕಿನ ಡಬ್ಬಿಯಲ್ಲಿರುವ ದ್ರವದ ಕೆಲವು ಹನಿ ಬಿಟ್ಟು ಕಲಕಬೇಕು. ಗ್ಲೈಕಾಲ್ ದ್ರವವಾದರೆ ನೀರಿನಲ್ಲಿ ಬೆರೆತುಹೋಗುತ್ತದೆ. ಎಣ್ಣೆಯಾದರೆ ಅಥವಾ ಸಿಲಿಕೋನ್ ಆದರೆ ಬೇರ್ಪಟ್ಟು ಮೇಲೆ ತೇಲುತ್ತದೆ.

ದ್ರವ ಮಾಡುವ ಕೆಲಸ

ಚಾಲಕನ ಪಾದ ಪೆಡಲನ್ನು ಒತ್ತಿದಾಗ ಮಾಸ್ಟರ್ ಸಿಲಿಂಡರಿನೊಳಗಿನ ಪಿಸ್ಟನ್ ಮುಂದೆ ಸರಿಯುತ್ತದೆ. ಕೊಳವೆಗಳಲ್ಲಿ ತುಂಬಿದ ದ್ರವ ಆ ಒತ್ತಡವನ್ನು ನಾಲ್ಕೂ ಚಕ್ರಗಳಿಗೆ ಸಾಗಿಸುತ್ತದೆ. ಅಲ್ಲಿ ಡ್ರಮ್ ಬ್ರೇಕ್ ಆದರೆ ವೀಲ್ ಸಿಲಿಂಡರ್ ಶೂಗಳನ್ನು ಹಿಗ್ಗಿಸುತ್ತದೆ. ಡಿಸ್ಕ್ ಬ್ರೇಕ್ ಆದರೆ ಕ್ಯಾಲಿಪರ್ ಪ್ಯಾಡುಗಳನ್ನು ಅದುಮುತ್ತದೆ. ದ್ರವ ಕುಗ್ಗುವುದಿಲ್ಲ ಎಂಬ ಒಂದೇ ಗುಣದ ಮೇಲೆ ಈ ಏರ್ಪಾಡು ನಿಂತಿದೆ.

ಅನಿಲ ಹಾಗಲ್ಲ, ಅದು ಕುಗ್ಗುತ್ತದೆ. ಚಕ್ರದ ಬಳಿ ದ್ರವ ಕುದಿದು ಆವಿಯ ಗುಳ್ಳೆಗಳು ಎದ್ದರೆ ಪೆಡಲಿನ ಚಲನೆಯೆಲ್ಲ ಆ ಗುಳ್ಳೆಗಳನ್ನು ಅದುಮುವುದರಲ್ಲೇ ಮುಗಿದುಹೋಗುತ್ತದೆ. ಶೂ, ಪ್ಯಾಡುಗಳಿಗೆ ಒತ್ತಡ ತಲುಪುವುದಿಲ್ಲ. ಬ್ರೇಕ್ ಫೇಲ್ ಎಂದು ಜನರು ಹೇಳುವ ಘಟನೆಗಳಲ್ಲಿ ಇದೂ ಒಂದು ಬಗೆ. ಕಾರು ತಣ್ಣಗಾದ ಮೇಲೆ ಆವಿ ಮತ್ತೆ ದ್ರವವಾಗಿ ಪೆಡಲ್ ಗಟ್ಟಿಯಾಗುತ್ತದೆ. ಆದ್ದರಿಂದ ಮೆಕ್ಯಾನಿಕ್ ಬಂದು ನೋಡುವ ಹೊತ್ತಿಗೆ ದೋಷವೇ ಕಾಣದಿರಬಹುದು.

ಶಾಖದ ಪ್ರಮಾಣವನ್ನು ಲೆಕ್ಕ ಹಾಕಿ ನೋಡಬಹುದು. ಒಂದು ಟನ್ ತೂಕದ ಕಾರು ಗಂಟೆಗೆ 80 ಕಿಲೋಮೀಟರ್ ವೇಗದಿಂದ ಪೂರ್ತಿ ನಿಂತರೆ ಸುಮಾರು 2.5 ಲಕ್ಷ ಜೂಲ್ ಶಾಖ ಹುಟ್ಟುತ್ತದೆ. ಅದೇ ಕಾರು 300 ಮೀಟರ್ ಎತ್ತರವನ್ನು ಬ್ರೇಕಿನ ಬಲದಿಂದಲೇ ಇಳಿದರೆ ಹುಟ್ಟುವ ಶಾಖ ಸುಮಾರು 29 ಲಕ್ಷ ಜೂಲ್. ಅಂದರೆ ಬಿಡುವಿಲ್ಲದೆ 12 ಬಾರಿ ಆ ವೇಗದಿಂದ ನಿಲ್ಲಿಸಿದಷ್ಟು. ಸುಮಾರು 9 ಲೀಟರ್ ತಣ್ಣೀರನ್ನು ಕುದಿಸಲು ಇಷ್ಟು ಶಾಖ ಸಾಕು. ಹಳೆಯ ಕಾರಿನ ಡ್ರಮ್ಮುಗಳು ಇಷ್ಟನ್ನು ಬೇಗನೆ ಗಾಳಿಗೆ ಬಿಟ್ಟುಕೊಡಲಾರವು.

ನೀರೆಂಬ ಒಳಶತ್ರು

ಗ್ಲೈಕಾಲ್ ದ್ರವ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಡಬ್ಬಿಯ ಮುಚ್ಚಳದಲ್ಲಿರುವ ಉಸಿರಾಟದ ರಂಧ್ರ ಮತ್ತು ರಬ್ಬರ್ ಹೋಸುಗಳ ಮೂಲಕ ತೇವ ನಿಧಾನವಾಗಿ ಒಳಸೇರುತ್ತದೆ. ನೀರು ಸೇರಿದಷ್ಟೂ ಕುದಿಬಿಂದು ಇಳಿಯುತ್ತದೆ. ಆದುದರಿಂದಲೇ ಪ್ರತಿಯೊಂದು ದರ್ಜೆಗೂ ಎರಡು ಅಂಕಿಗಳಿವೆ: ಹೊಸ ಡಬ್ಬಿಯ ದ್ರವದ ಕುದಿಬಿಂದು ಮತ್ತು ಶೇಕಡಾ 3.7ರಷ್ಟು ನೀರು ಸೇರಿದ ನಂತರದ ಕುದಿಬಿಂದು. ಅಮೆರಿಕದ ಸಾರಿಗೆ ಇಲಾಖೆಯ ಮಾನದಂಡದಂತೆ ಕನಿಷ್ಠ ಮಟ್ಟ ಹೀಗಿದೆ:

ಡಾಟ್ 3: ಹೊಸದಾಗಿ 205 ಡಿಗ್ರಿ ಸೆಲ್ಸಿಯಸ್, ನೀರು ಸೇರಿದಾಗ 140 ಡಿಗ್ರಿ.
ಡಾಟ್ 4: ಹೊಸದಾಗಿ 230 ಡಿಗ್ರಿ, ನೀರು ಸೇರಿದಾಗ 155 ಡಿಗ್ರಿ.
ಡಾಟ್ 5.1: ಹೊಸದಾಗಿ 260 ಡಿಗ್ರಿ, ನೀರು ಸೇರಿದಾಗ 180 ಡಿಗ್ರಿ.
ಡಾಟ್ 5, ಅಂದರೆ ಸಿಲಿಕೋನ್: ಹೊಸದಾಗಿ 260 ಡಿಗ್ರಿ, ತೇವದ ಪರೀಕ್ಷೆಯ ನಂತರ 180 ಡಿಗ್ರಿ.

ಬಯಲುಸೀಮೆಯ ಕೋಲಾರದ ಗಾಳಿ ಕರಾವಳಿಯಷ್ಟು ತೇವದ್ದಲ್ಲ. ಮಂಗಳೂರು, ಕಾರವಾರಗಳಲ್ಲಿ ನಿಂತ ಕಾರಿಗಿಂತ ಇಲ್ಲಿನ ಕಾರಿನ ದ್ರವ ನಿಧಾನವಾಗಿ ಕೆಡಬಹುದು. ಆದರೆ ಈ ಅನುಕೂಲವನ್ನು ನಂಬಿ ಕೂರುವಂತಿಲ್ಲ. ಹಳೆಯ ಸ್ಪೋರ್ಟ್ಸ್ ಕಾರು ವರ್ಷದಲ್ಲಿ ಕೆಲವೇ ದಿನ ಓಡುತ್ತದೆ, ಉಳಿದ ದಿನ ಶೆಡ್ಡಿನಲ್ಲಿ ನಿಂತಿರುತ್ತದೆ. ನಿಂತ ಕಾರಿನಲ್ಲಿ ತೇವ ವೀಲ್ ಸಿಲಿಂಡರುಗಳ ತುಕ್ಕಿಗೆ ಕಾರಣವಾಗುತ್ತದೆ. ತುಕ್ಕಿನ ಉರುಟು ಮೈಗೆ ಉಜ್ಜಿದ ರಬ್ಬರು ಮೊದಲ ದೂರದ ಪ್ರಯಾಣದಲ್ಲೇ ಸೋರತೊಡಗುತ್ತದೆ.

ಲಾಕ್‌ಹೀಡ್‌ನಿಂದ ಪಾಡಿಯವರೆಗೆ

ಹಳೆಯ ಕಾರಿಗೆ ದ್ರವವನ್ನು ಆರಿಸುವಾಗ ಆ ಕಾರು ಯಾವ ಕಾಲದ್ದೆಂಬುದು ಮುಖ್ಯವಾಗುತ್ತದೆ. ಹೈಡ್ರಾಲಿಕ್ ಬ್ರೇಕನ್ನು ರೂಪಿಸಿದವರು ಅಮೆರಿಕದ ಮಾಲ್ಕಂ ಲಾಕ್‌ಹೀಡ್. 1921ರಲ್ಲಿ ಡ್ಯೂಸನ್‌ಬರ್ಗ್ ಕಾರು ನಾಲ್ಕೂ ಚಕ್ರಗಳಿಗೆ ಅದನ್ನು ಅಳವಡಿಸಿತು. 1924ರಲ್ಲಿ ಕ್ರೈಸ್ಲರ್ ಅದನ್ನು ಹೆಚ್ಚು ಜನರ ಕೈಗೆಟಕುವ ಕಾರಿಗೆ ತಂದಿತು. ಬ್ರಿಟನ್ನಿನಲ್ಲಿ ಎಂಜಿ ಕಂಪನಿಯ ಟಿಎ ಮಾದರಿ 1936ರಲ್ಲಿ ಹೈಡ್ರಾಲಿಕ್ ಬ್ರೇಕಿನೊಂದಿಗೆ ಬಂತು. ಅದಕ್ಕೂ ಮುಂಚಿನ ಅನೇಕ ಕಾರುಗಳಲ್ಲಿ ಕೇಬಲ್ ಅಥವಾ ಸರಳುಗಳ ಬ್ರೇಕ್ ಇತ್ತು. ಅವುಗಳಿಗೆ ದ್ರವದ ಪ್ರಶ್ನೆಯೇ ಇಲ್ಲ.

1948ರಲ್ಲಿ ಪ್ರದರ್ಶನಗೊಂಡ ಜಾಗ್ವಾರ್ ಎಕ್ಸ್‌ಕೆ 120 ಡ್ರಮ್ ಬ್ರೇಕಿನ ಕಾರು. 1953ರಲ್ಲಿ ಡಿಸ್ಕ್ ಬ್ರೇಕ್ ಹೊಂದಿದ್ದ ಜಾಗ್ವಾರ್ ಸಿ ಟೈಪ್, ಫ್ರಾನ್ಸಿನ ಲೆ ಮಾನ್ಸ್ ಸ್ಪರ್ಧೆಯನ್ನು ಗೆದ್ದ ಬಳಿಕ ಡಿಸ್ಕ್‌ಗಳ ಬಗೆಗಿನ ಸಂಶಯ ಕರಗಿತು. 1956ರಿಂದ ಟ್ರಯಂಫ್ ಟಿಆರ್ 3 ಮುಂಚಕ್ರಗಳಿಗೆ ಗರ್ಲಿಂಗ್ ಡಿಸ್ಕ್ ಪಡೆಯಿತು. 1959ರಲ್ಲಿ ಎಂಜಿಎ 1600 ಕೂಡ ಅದೇ ಹಾದಿ ಹಿಡಿಯಿತು.

ಭಾರತದ ನಂಟು ಇಲ್ಲಿಂದಲೇ ಆರಂಭ. 1961ರಿಂದ ಮದ್ರಾಸಿನಲ್ಲಿ ತಯಾರಾದ ಸ್ಟಾಂಡರ್ಡ್ ಹೆರಾಲ್ಡ್, ಬ್ರಿಟನ್ನಿನ ಟ್ರಯಂಫ್ ಹೆರಾಲ್ಡಿನ ಭಾರತೀಯ ರೂಪ. ಅದೇ ಹೆರಾಲ್ಡಿನ ಯಂತ್ರಭಾಗಗಳನ್ನು ಆಧರಿಸಿ 1962ರಲ್ಲಿ ಟ್ರಯಂಫ್ ಸ್ಪಿಟ್‌ಫೈರ್ ಎಂಬ ಸ್ಪೋರ್ಟ್ಸ್ ಕಾರು ಹುಟ್ಟಿತು. ಅಂಬಾಸಿಡರ್ ಕಾರಿನಲ್ಲಿದ್ದ 1489 ಸಿಸಿ ಪೆಟ್ರೋಲ್ ಎಂಜಿನ್, ಎಂಜಿಎ 1500ರ ಎಂಜಿನ್ ಕುಟುಂಬಕ್ಕೆ ಸೇರಿದ್ದು. ಆದ್ದರಿಂದ ಅಂಬಾಸಿಡರ್ ಅಥವಾ ಹೆರಾಲ್ಡ್ ಬಿಚ್ಚಿ ಕೂಡಿಸಿದ ಹಿರಿಯ ಮೆಕ್ಯಾನಿಕ್‌ಗಳಿಗೆ ಈ ಕಾರುಗಳು ಪೂರ್ತಿ ಅಪರಿಚಿತವಲ್ಲ. ಟಿವಿಎಸ್ ಸಮೂಹ ಮತ್ತು ಬ್ರಿಟನ್ನಿನ ಸಹಭಾಗಿತ್ವದಲ್ಲಿ 1962ರಲ್ಲಿ ಸ್ಥಾಪನೆಯಾದ ಬ್ರೇಕ್ಸ್ ಇಂಡಿಯಾ, ಮದ್ರಾಸಿನ ಪಾಡಿಯಲ್ಲಿ ಗರ್ಲಿಂಗ್ ತಂತ್ರಜ್ಞಾನದ ಬ್ರೇಕುಗಳನ್ನು ತಯಾರಿಸತೊಡಗಿತು. ದಕ್ಷಿಣ ಭಾರತದ ಗ್ಯಾರೇಜುಗಳಲ್ಲಿ ಗರ್ಲಿಂಗ್ ಎಂಬ ಹೆಸರು ಮನೆಮಾತಾದದ್ದು ಹೀಗೆ.

ರಬ್ಬರು ಯಾವ ಕಾಲದ್ದು?

ಅನೇಕ ಹಳೆಯ ಬ್ರಿಟಿಷ್ ಕಾರುಗಳಲ್ಲಿ ಬ್ರೇಕಿನ ರಬ್ಬರುಗಳು ನೈಸರ್ಗಿಕ ರಬ್ಬರಿನಿಂದ ತಯಾರಾಗಿದ್ದವು. ಆ ಕಾಲದ ಬೇರೆ ದೇಶದ ಕೆಲವು ದ್ರವಗಳು ಅವನ್ನು ಉಬ್ಬಿಸುತ್ತಿದ್ದುದರಿಂದ, ಕಾರಿನ ಕೈಪಿಡಿಗಳಲ್ಲಿ ಕ್ಯಾಸ್ಟ್ರಾಲ್ ಗರ್ಲಿಂಗ್ ದ್ರವವನ್ನೇ ಬಳಸಬೇಕು, ಬೇರೆಯದನ್ನು ಹಾಕಬಾರದು ಎಂಬ ಎಚ್ಚರಿಕೆ ಅಚ್ಚಾಗಿರುತ್ತಿತ್ತು. ಇಂದಿಗೂ ಹಲವು ಮಾಲೀಕರು ಆ ಸಾಲನ್ನು ಓದಿ ಗೊಂದಲಕ್ಕೆ ಒಳಗಾಗುತ್ತಾರೆ.

ಗೊಂದಲಕ್ಕೆ ಪರಿಹಾರ ಕೈಪಿಡಿಗಿಂತ ಹೆಚ್ಚಾಗಿ ಕಾರಿನೊಳಗಿದೆ. ಇತ್ತೀಚೆಗೆ ಖರೀದಿಸಿದ ರಿಪೇರಿ ಕಿಟ್‌ಗಳ ರಬ್ಬರು ಸಾಮಾನ್ಯವಾಗಿ ಎಸ್‌ಬಿಆರ್ ಅಥವಾ ಇಪಿಡಿಎಂ ಎಂಬ ಕೃತಕ ಬಗೆಯದು. ಇವೆರಡೂ ಡಾಟ್ 3, ಡಾಟ್ 4 ದ್ರವಗಳಿಗೆ ಹೊಂದಿಕೊಳ್ಳುತ್ತವೆ. ಆದ್ದರಿಂದ ಮಾಸ್ಟರ್ ಸಿಲಿಂಡರ್, ವೀಲ್ ಸಿಲಿಂಡರ್, ಕ್ಯಾಲಿಪರ್ ಮತ್ತು ಹೋಸುಗಳನ್ನೆಲ್ಲ ಹೊಸ ರಬ್ಬರಿಗೆ ಬದಲಿಸಿದ ಕಾರಿಗೆ ಹಳೆಯ ಎಚ್ಚರಿಕೆ ಅನ್ವಯಿಸುವುದಿಲ್ಲ. ಐವತ್ತು, ಅರವತ್ತು ವರ್ಷದ ಮೂಲ ರಬ್ಬರು ಇನ್ನೂ ಉಳಿದಿದ್ದರೆ ಅದಕ್ಕೆ ಹೊಂದುವ ದ್ರವವನ್ನು ಹುಡುಕುವ ಬದಲು ಆ ರಬ್ಬರನ್ನೇ ತೆಗೆದುಹಾಕುವುದು ವಿವೇಕ. ಅಷ್ಟು ವಯಸ್ಸಾದ ರಬ್ಬರಿನ ಮೇಲೆ ಪ್ರಾಣವನ್ನು ಒತ್ತೆಯಿಡಲಾಗದು.

ಕೈಪಿಡಿಯಲ್ಲಿ ಎಸ್‌ಎಇ 70ಆರ್3 ಎಂದಿದ್ದರೆ ಅದು ಅಂದಿನ ಮಾನದಂಡದ ಹೆಸರು. ಮುಂದೆ ಅದರ ಸ್ಥಾನಕ್ಕೆ ಎಸ್‌ಎಇ ಜೆ1703 ಬಂತು. ಇಂಥ ಕಾರಿನ ರಬ್ಬರುಗಳು ಹೊಸದಾಗಿದ್ದರೆ ಇಂದಿನ ಡಾಟ್ 3 ಅಥವಾ ಡಾಟ್ 4 ಅದಕ್ಕೆ ಸಮನಾದ ಆಯ್ಕೆ.

ದರ್ಜೆಗಳ ಗುಣದೋಷ

ಡಾಟ್ 3: ಸಾಧಾರಣ ವೇಗದಲ್ಲಿ, ಸಮತಟ್ಟಾದ ರಸ್ತೆಯಲ್ಲಿ ಓಡುವ ಹಳೆಯ ಡ್ರಮ್ ಬ್ರೇಕಿನ ಕಾರುಗಳಿಗೆ ಸಾಕಾಗುತ್ತದೆ. ಕುದಿಬಿಂದು ಕಡಿಮೆಯಾದ್ದರಿಂದ ಘಾಟಿ ಪ್ರಯಾಣಕ್ಕೆ ಮೊದಲ ಆಯ್ಕೆಯಲ್ಲ.

ಡಾಟ್ 4: ಇದರಲ್ಲಿ ಬೋರೇಟ್ ಎಸ್ಟರುಗಳು ಇರುವುದರಿಂದ ಕುದಿಬಿಂದು ಹೆಚ್ಚು. ಜಿಲ್ಲಾ ಕೇಂದ್ರದಲ್ಲೂ ತಾಲ್ಲೂಕು ಪಟ್ಟಣದಲ್ಲೂ ಸಿಗುವಂಥದ್ದು, ಬೆಲೆಯೂ ಹೆಚ್ಚಿಲ್ಲ. ಡಾಟ್ 3ರೊಂದಿಗೆ ಬೆರೆತರೂ ರಾಸಾಯನಿಕ ಅಪಾಯವಿಲ್ಲ. ಆದರೆ ಬೆರೆತ ದ್ರವದ ಕುದಿಬಿಂದು ಎರಡರ ನಡುವೆ ನಿಲ್ಲುತ್ತದೆ.

ಡಾಟ್ 5.1: ಇದೂ ಗ್ಲೈಕಾಲ್ ಬಗೆಯದೇ. ತೀವ್ರ ಚಳಿಯಲ್ಲೂ ತೆಳುವಾಗಿ ಹರಿಯುವಂತೆ, ಆಧುನಿಕ ಎಬಿಎಸ್ ವ್ಯವಸ್ಥೆಗೆ ಒಗ್ಗುವಂತೆ ರೂಪಿಸಿದ್ದು. ಕೋಲಾರದ ಚಳಿಗಾಲದಲ್ಲಿ ಈ ಗುಣದ ಅಗತ್ಯ ಬೀಳದು. ಸ್ಪರ್ಧೆಗಳಲ್ಲಿ ಭಾಗವಹಿಸುವ ಕಾರುಗಳಿಗೆ ಅದರ ಕುದಿಬಿಂದು ಪ್ರಯೋಜನಕಾರಿ.

ಡಾಟ್ 5: ಇದು ಸಿಲಿಕೋನ್. 5 ಮತ್ತು 5.1 ಎಂಬ ಸಂಖ್ಯೆಗಳ ಹೋಲಿಕೆ ಅನೇಕರನ್ನು ದಾರಿ ತಪ್ಪಿಸಿದೆ. ಸಂಖ್ಯೆ ಹತ್ತಿರವಾದರೂ ಜಾತಿ ಬೇರೆ. ಗುರುತಿಗಾಗಿ ಇದಕ್ಕೆ ನೇರಳೆ ಬಣ್ಣ ಕೊಟ್ಟಿರುತ್ತಾರೆ. ಇದನ್ನು ಡಾಟ್ 3, 4 ಅಥವಾ 5.1ರೊಂದಿಗೆ ಬೆರೆಸಲೇಬಾರದು, ಎಬಿಎಸ್ ಇರುವ ವಾಹನಕ್ಕೆ ಹಾಕಲೂಬಾರದು.

ಸಿಲಿಕೋನ್: ವರವೋ, ತೊಡಕೋ?

ಹಳೆಯ ಕಾರು ಪ್ರಿಯರ ನಡುವೆ ಹೆಚ್ಚು ವಾಗ್ವಾದಕ್ಕೆ ಗುರಿಯಾದ ದ್ರವವಿದು. ಇದರ ಪರವಾದ ವಾದಕ್ಕೆ ಬಲವಿದೆ. ಗ್ಲೈಕಾಲ್ ದ್ರವ ಚೆಲ್ಲಿದರೆ ಕಾರಿನ ಬಣ್ಣ ಕಿತ್ತುಬರುತ್ತದೆ. ಸಿಲಿಕೋನ್ ಬಣ್ಣಕ್ಕೆ ಹಾನಿ ಮಾಡುವುದಿಲ್ಲ. ಅದು ತೇವವನ್ನು ಹೀರುವುದಿಲ್ಲವಾದ್ದರಿಂದ ದೀರ್ಘಕಾಲ ನಿಲ್ಲುವ ಕಾರಿಗೆ ಅನುಕೂಲ. ಅಮೆರಿಕದ ಸೇನೆ 1980ರ ದಶಕದಲ್ಲಿ ತನ್ನ ವಾಹನಗಳಿಗೆ ಸಿಲಿಕೋನ್ ದ್ರವವನ್ನು ಆರಿಸಿಕೊಂಡದ್ದೂ ದಾಸ್ತಾನಿನಲ್ಲಿ ನಿಲ್ಲುವ ವಾಹನಗಳ ದೃಷ್ಟಿಯಿಂದಲೇ.

ಮತ್ತೊಂದು ಮಗ್ಗುಲನ್ನೂ ನೋಡಬೇಕು. ಸಿಲಿಕೋನ್ ನೀರನ್ನು ಹೀರದಿದ್ದರೂ ನೀರು ಒಳಗೆ ಬರುವುದು ತಪ್ಪುವುದಿಲ್ಲ. ಬಂದ ನೀರು ಬೆರೆಯದೆ ಹನಿಯಾಗಿ, ತೂಕದಿಂದಾಗಿ ತಗ್ಗಿನಲ್ಲಿ, ಅಂದರೆ ಚಕ್ರದ ಬಳಿಯ ಸಿಲಿಂಡರಿನಲ್ಲಿ ನಿಲ್ಲುತ್ತದೆ. ಅಲ್ಲಿ ತುಕ್ಕು ಹಿಡಿಸುತ್ತದೆ. ಹೆಚ್ಚು ಬಿಸಿಯಾಗುವ ಸ್ಥಳವೂ ಅದೇ. ಕೋಲಾರದ ಎತ್ತರದಲ್ಲಿ ಬರಿಯ ನೀರು ಸುಮಾರು 97 ಡಿಗ್ರಿಯಲ್ಲೇ ಕುದಿಯುತ್ತದೆ. 260 ಡಿಗ್ರಿಯ ದ್ರವವಿದೆ ಎಂಬ ಧೈರ್ಯ ಆ ಒಂದು ಹನಿಯ ಮುಂದೆ ನಿಲ್ಲದು. ಇದಲ್ಲದೆ ಸಿಲಿಕೋನ್ ಗಾಳಿಯನ್ನು ತನ್ನೊಳಗೆ ಕರಗಿಸಿಕೊಳ್ಳುತ್ತದೆ, ತುಸು ಹೆಚ್ಚು ಕುಗ್ಗುತ್ತದೆ. ಪರಿಣಾಮವಾಗಿ ಪೆಡಲ್ ಮೆತ್ತಗಿರುವಂತೆ ಭಾಸವಾಗುತ್ತದೆ. ದ್ರವದ ಒತ್ತಡದಿಂದ ಕೆಲಸ ಮಾಡುವ ಹಳೆಯ ಬ್ರೇಕ್ ಲೈಟ್ ಸ್ವಿಚ್‌ಗಳು ಸಿಲಿಕೋನ್‌ನಿಂದ ಬೇಗ ಕೆಡುತ್ತವೆ ಎಂಬ ದೂರೂ ಬಳಕೆದಾರರಲ್ಲಿದೆ.

ಗ್ಲೈಕಾಲ್ ಇದ್ದ ವ್ಯವಸ್ಥೆಗೆ ಸಿಲಿಕೋನ್ ಹಾಕುವುದೆಂದರೆ ಹಳೆಯದನ್ನು ಹೊರಹಾಕಿ ಹೊಸದನ್ನು ತುಂಬುವಷ್ಟು ಸರಳವಲ್ಲ. ಎಲ್ಲ ಭಾಗ ಬಿಚ್ಚಿ, ಕೊಳವೆ ಒಣಗಿಸಿ, ರಬ್ಬರುಗಳನ್ನು ಹೊಸದಾಗಿ ಕೂಡಿಸಿದ ಮೇಲಷ್ಟೇ ಅದು ಸರಿ. ದಾರಿಯಲ್ಲಿ ಕೊರತೆ ಬಿದ್ದರೆ ಹೆದ್ದಾರಿಯ ಬದಿಯ ಅಂಗಡಿಯಲ್ಲಿ ಸಿಗುವುದು ಡಾಟ್ 3 ಅಥವಾ 4 ಮಾತ್ರ ಎಂಬುದನ್ನೂ ನೆನಪಿಡಬೇಕು. ತಿಳಿಯದ ಮೆಕ್ಯಾನಿಕ್ ಅದನ್ನೇ ಸುರಿದರೆ ಪೂರ್ತಿ ಶ್ರಮ ವ್ಯರ್ಥ. ಸಿಲಿಕೋನ್ ಇರುವ ಕಾರಿನಲ್ಲಿ ದ್ರವದ ಡಬ್ಬಿಯ ಮೇಲೆ ಕನ್ನಡದಲ್ಲೂ ಸ್ಪಷ್ಟವಾದ ಚೀಟಿ ಅಂಟಿಸಿರಬೇಕು.

ಯಾವ ಕಾರಿಗೆ ಯಾವುದು?

ರಬ್ಬರುಗಳನ್ನು ಹೊಸದಾಗಿ ಬದಲಿಸಿದ, ರಸ್ತೆಯಲ್ಲಿ ಓಡುವ ಟ್ರಯಂಫ್, ಎಂಜಿ, ಜಾಗ್ವಾರ್, ಆಸ್ಟಿನ್ ಹೀಲಿ ಮುಂತಾದ ಕಾರುಗಳಿಗೆ ಡಾಟ್ 4 ಸೂಕ್ತ. ಸ್ಟಾಂಡರ್ಡ್ ಹೆರಾಲ್ಡ್, ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿಗಳಿಗೂ ಇದೇ ಮಾತು. ಹೈಡ್ರಾಲಿಕ್ ಕ್ಲಚ್ ಇರುವ ಕಾರುಗಳಲ್ಲಿ ಕ್ಲಚ್ಚಿಗೂ ಅದೇ ದ್ರವವನ್ನು ಬಳಸಬೇಕು.

ಇತಿಹಾಸ ತಿಳಿಯದ, ಹೊಸದಾಗಿ ಕೊಂಡ ಕಾರಾದರೆ ಮೊದಲು ನೀರಿನ ಪರೀಕ್ಷೆ ಮಾಡಬೇಕು. ಬಳಿಕ ಸಿಲಿಂಡರುಗಳನ್ನು ಬಿಚ್ಚಿ ರಬ್ಬರು ನೋಡಬೇಕು. ಒಳಗೇನಿದೆ ಎಂದು ತಿಳಿಯುವ ಮೊದಲು ಯಾವ ದ್ರವವನ್ನೂ ಸೇರಿಸಬಾರದು, ಕಾರನ್ನು ರಸ್ತೆಗೆ ಇಳಿಸಲೂಬಾರದು.

ಪ್ರದರ್ಶನಕ್ಕಷ್ಟೇ ಸೀಮಿತವಾದ, ಪೂರ್ತಿ ಬಿಚ್ಚಿ ಪುನರ್‌ನಿರ್ಮಿಸಿದ ಕಾರಿಗೆ ಸಿಲಿಕೋನ್ ಹಾಕಬಹುದು. ಅದೇ ಕಾರು ಘಾಟಿ ಇಳಿಯುವುದಾದರೆ ಡಾಟ್ 4 ಮೇಲು.

ಎರಡು ಅಪವಾದಗಳಿವೆ. ಸಿಟ್ರೊಯೆನ್ ಕಂಪನಿಯ ಡಿಎಸ್ ಕಾರು 1960ರ ದಶಕದ ನಡುವೆ ಹಳೆಯ ಕೆಂಪು ದ್ರವವನ್ನು ಬಿಟ್ಟು ಎಲ್‌ಎಚ್‌ಎಂ ಎಂಬ ಹಸಿರು ಖನಿಜ ತೈಲಕ್ಕೆ ಬದಲಾಯಿತು. 1980ರಲ್ಲಿ ಬಂದ ರೋಲ್ಸ್ ರಾಯ್ಸ್ ಸಿಲ್ವರ್ ಸ್ಪಿರಿಟ್ ಕೂಡ ಖನಿಜ ತೈಲದ ಕಾರು. ಅದಕ್ಕಿಂತ ಮುಂಚಿನ ಸಿಲ್ವರ್ ಶ್ಯಾಡೋ ಹಾಗಲ್ಲ. ಈ ಖನಿಜ ತೈಲದ ಕಾರುಗಳಿಗೆ ಡಾಟ್ ದ್ರವ ಹಾಕಿದರೆ ಬೇರೆ ಕಾರುಗಳಿಗೆ ಎಂಜಿನ್ ಆಯಿಲ್ ಹಾಕಿದಷ್ಟೇ ಹಾನಿ. ಇಂಥ ಕಾರುಗಳ ವಿಷಯದಲ್ಲಿ ಕಂಪನಿಯ ಕೈಪಿಡಿಯೇ ಅಂತಿಮ.

ಬದಲಿಸುವ ಕ್ರಮ

ದ್ರವವನ್ನು ಎರಡು ವರ್ಷಕ್ಕೊಮ್ಮೆ ಬದಲಿಸುವುದು ಸಾಮಾನ್ಯ ನಿಯಮ. ಕಾರು ಎಷ್ಟು ಕಿಲೋಮೀಟರ್ ಓಡಿದೆ ಎಂಬುದು ಇಲ್ಲಿ ಲೆಕ್ಕಕ್ಕಿಲ್ಲ. ಘಾಟಿಯ ಪ್ರಯಾಣ ಯೋಜಿಸಿದ್ದರೆ ಹೊರಡುವ ಮುನ್ನವೇ ಬದಲಿಸುವುದು ಒಳಿತು. ಒಂದು ಲೀಟರ್ ದ್ರವ ಸಾಮಾನ್ಯವಾಗಿ ಸಾಕಾಗುತ್ತದೆ.

ಮಾಸ್ಟರ್ ಸಿಲಿಂಡರಿಗೆ ಅತಿ ದೂರದ ಚಕ್ರದಿಂದ ಏರ್ ತೆಗೆಯಲು ಆರಂಭಿಸಬೇಕು. ಬಲಗಡೆ ಸ್ಟೀರಿಂಗ್ ಇರುವ ಕಾರಿನಲ್ಲಿ ಅದು ಬಹುತೇಕ ಎಡ ಹಿಂಚಕ್ರ. ನಂತರ ಬಲ ಹಿಂಚಕ್ರ, ಎಡ ಮುಂಚಕ್ರ, ಕೊನೆಗೆ ಬಲ ಮುಂಚಕ್ರ. ಕೈಪಿಡಿಯಲ್ಲಿ ಬೇರೆ ಕ್ರಮ ಹೇಳಿದ್ದರೆ ಅದನ್ನೇ ಅನುಸರಿಸಬೇಕು. ಒಬ್ಬರು ಪೆಡಲ್ ಒತ್ತಿ ಹಿಡಿದಿದ್ದಾಗ ಇನ್ನೊಬ್ಬರು ನಿಪ್ಪಲ್ ಸಡಿಲಿಸಿ, ಪಾರದರ್ಶಕ ಕೊಳವೆಯ ಮೂಲಕ ದ್ರವವನ್ನು ಗಾಜಿನ ಸೀಸೆಗೆ ಬಿಡಬೇಕು. ಪೆಡಲನ್ನು ಮೇಲಕ್ಕೆ ಬಿಡುವ ಮೊದಲು ನಿಪ್ಪಲ್ ಬಿಗಿಯಬೇಕು. ಗುಳ್ಳೆ ನಿಂತು ಶುಭ್ರವಾದ ದ್ರವ ಬರುವವರೆಗೆ ಇದನ್ನು ಮುಂದುವರಿಸಬೇಕು. ಈ ನಡುವೆ ಮೇಲಿನ ಡಬ್ಬಿ ಖಾಲಿಯಾಗಲು ಬಿಡಬಾರದು. ಹೊರಬಂದ ದ್ರವವನ್ನು ಮರಳಿ ಬಳಸಬಾರದು, ಚರಂಡಿಗೂ ಚೆಲ್ಲಬಾರದು.

ಬಿಡಿಭಾಗಗಳನ್ನು ಪೆಟ್ರೋಲ್, ಡೀಸೆಲ್ ಅಥವಾ ಸೀಮೆಎಣ್ಣೆಯಲ್ಲಿ ತೊಳೆಯುವ ರೂಢಿ ಗ್ಯಾರೇಜುಗಳಲ್ಲಿದೆ. ಬ್ರೇಕಿನ ಭಾಗಗಳ ಮಟ್ಟಿಗೆ ಈ ರೂಢಿ ಮಾರಕ. ಅವುಗಳ ಅಂಶ ಉಳಿದರೂ ರಬ್ಬರು ಉಬ್ಬುತ್ತದೆ. ಸ್ಪಿರಿಟ್‌ನಿಂದ ಅಥವಾ ಹೊಸ ಬ್ರೇಕ್ ದ್ರವದಿಂದಲೇ ತೊಳೆಯಬೇಕು. ಇಂಜೆಕ್ಷನ್ ಸಿರಿಂಜ್, ಲಾಳಿಕೆ, ಬಟ್ಟೆ ಇವುಗಳಲ್ಲಿ ಎಣ್ಣೆಯ ಅಂಶ ಇರಕೂಡದು. ಬಣ್ಣದ ಮೇಲೆ ದ್ರವ ಬಿದ್ದರೆ ಉಜ್ಜದೆ ತಕ್ಷಣ ಧಾರಾಳ ನೀರು ಸುರಿಯಬೇಕು.

ಹೋಸ್ ಪೈಪುಗಳ ಕಡೆಗೂ ಗಮನವಿರಲಿ. ಹಳೆಯ ಹೋಸು ಹೊರಗಿನಿಂದ ಚೆನ್ನಾಗಿ ಕಂಡರೂ ಒಳಗೆ ಉಬ್ಬಿ ಮುಚ್ಚಿಕೊಂಡಿರಬಹುದು. ಆಗ ಒತ್ತಡ ಚಕ್ರಕ್ಕೆ ಹೋಗುತ್ತದೆ, ಮರಳಿ ಬರುವುದಿಲ್ಲ. ಕಾರು ಒಂದು ಬದಿಗೆ ಎಳೆಯುತ್ತಿದ್ದರೆ ಇದೂ ಒಂದು ಕಾರಣ.

ಅಂಗಡಿಯಲ್ಲಿ ಕೇಳಬೇಕಾದದ್ದು

ಕೋಲಾರ, ಮಾಲೂರು, ಮುಳಬಾಗಿಲು ಅಥವಾ ಶ್ರೀನಿವಾಸಪುರದಲ್ಲಿ ಕೊಳ್ಳುವಾಗ ಬ್ರೇಕ್ ಆಯಿಲ್ ಕೊಡಿ ಎಂದಷ್ಟೇ ಕೇಳದೆ ಡಾಟ್ 4 ಎಂದು ಸ್ಪಷ್ಟವಾಗಿ ಹೇಳಬೇಕು. ಡಬ್ಬಿಯ ಮೇಲೆ ದರ್ಜೆ, ತಯಾರಿಕೆಯ ದಿನಾಂಕ, ಭಾರತೀಯ ಮಾನಕ ಐಎಸ್ 8654ರ ಉಲ್ಲೇಖ ಇವೆಯೇ ಎಂದು ನೋಡಬೇಕು. ಮುಚ್ಚಳದ ಒಳಗಿನ ಸೀಲ್ ಒಡೆದಿರಬಾರದು. ದೊಡ್ಡ ಡಬ್ಬಿಯಿಂದ ಸೀಸೆಗೆ ಸುರಿದುಕೊಡುವ ದ್ರವ ಎಷ್ಟು ಅಗ್ಗವಾದರೂ ಬೇಡ. ಕೆಲಸ ಮುಗಿದ ಮೇಲೆ ಉಳಿದ ಅರ್ಧ ಡಬ್ಬಿಯನ್ನು ವರ್ಷಗಟ್ಟಲೆ ಕಾಪಿಡುವುದೂ ಸಲ್ಲದು, ತೆರೆದ ಡಬ್ಬಿಯೂ ತೇವ ಹೀರುತ್ತದೆ. ಆದ್ದರಿಂದ ಚಿಕ್ಕ ಡಬ್ಬಿಗಳನ್ನು ಕೊಳ್ಳುವುದೇ ಲಾಭ.

ಘಾಟಿಯಲ್ಲಿ ಎಚ್ಚರ

1960ರ ದಶಕದ ಕೊನೆಯವರೆಗಿನ ಬಹುಪಾಲು ಕಾರುಗಳಲ್ಲಿ ನಾಲ್ಕು ಚಕ್ರಕ್ಕೂ ಒಂದೇ ಬ್ರೇಕ್ ಮಾರ್ಗವಿತ್ತು. ಒಂದು ಕಡೆ ಸೋರಿದರೆ ಎಲ್ಲ ಚಕ್ರಗಳ ಬ್ರೇಕೂ ಹೋದಂತೆ. ಇಂದಿನ ಕಾರುಗಳಂತೆ ಎರಡನೆಯ ಮಾರ್ಗದ ರಕ್ಷಣೆ ಅಲ್ಲಿಲ್ಲ. ಹೀಗಾಗಿ ಹಳೆಯ ಕಾರಿನಲ್ಲಿ ಒಳ್ಳೆಯ ದ್ರವದ ಜತೆಗೆ ಒಳ್ಳೆಯ ಅಭ್ಯಾಸವೂ ಬೇಕು. ಘಾಟಿಯನ್ನು ಯಾವ ಗೇರಿನಲ್ಲಿ ಹತ್ತಬೇಕಾಗುತ್ತದೋ ಅದೇ ಗೇರಿನಲ್ಲಿ ಇಳಿಯಬೇಕು ಎಂಬುದು ಲಾರಿ ಚಾಲಕರ ಹಳೆಯ ಪಾಠ. ಪೆಡಲಿನ ಮೇಲೆ ಪಾದವನ್ನು ಸದಾ ಊರಿರಬಾರದು. ಗಟ್ಟಿಯಾಗಿ ಒತ್ತಿ ವೇಗ ಇಳಿಸಿ, ಬಿಟ್ಟು ತಣಿಯಲು ಅವಕಾಶ ಕೊಡಬೇಕು. ಇಂಧನ ಉಳಿತಾಯಕ್ಕೆಂದು ನ್ಯೂಟ್ರಲ್‌ನಲ್ಲಿ ಇಳಿಯುವುದು ಆತ್ಮಹತ್ಯೆಗೆ ಸಮಾನ.

ಪೆಡಲ್ ಮೆತ್ತಗಾಗಿದೆ ಎನಿಸಿದ ಕೂಡಲೆ ಅದನ್ನು ಬೇಗಬೇಗನೆ ಹಲವು ಬಾರಿ ಒತ್ತಬೇಕು. ಕೆಳಗಿನ ಗೇರಿಗೆ ಬಂದು ಹ್ಯಾಂಡ್ ಬ್ರೇಕನ್ನು ನಿಧಾನವಾಗಿ ಎಳೆಯಬೇಕು. ಹ್ಯಾಂಡ್ ಬ್ರೇಕ್ ಕೇಬಲ್ಲಿನಿಂದ ಕೆಲಸ ಮಾಡುವುದರಿಂದ ದ್ರವ ಕುದಿದರೂ ಅದು ಹಿಡಿಯುತ್ತದೆ. ಆದುದರಿಂದ ಅದನ್ನು ಸುಸ್ಥಿತಿಯಲ್ಲಿ ಇಡುವುದು ಅತ್ಯಗತ್ಯ. ಕಾರು ನಿಂತು ತಣ್ಣಗಾದ ಮೇಲೆ ಪೆಡಲ್ ಗಟ್ಟಿಯಾದರೂ ಪ್ರಯಾಣ ಮುಂದುವರಿಸಬಾರದು. ಒಮ್ಮೆ ಕುದಿದ ದ್ರವ ಮುಂದಿನ ಇಳಿಜಾರಿನಲ್ಲಿ ಮತ್ತೆ ಕುದಿಯುತ್ತದೆ.

ನಿಯಮಗಳ ಮಾತು

2021ರ ಜುಲೈಯಲ್ಲಿ ಕೇಂದ್ರ ಸಾರಿಗೆ ಸಚಿವಾಲಯ ವಿಂಟೇಜ್ ವಾಹನಗಳ ನೋಂದಣಿಗೆ ಪ್ರತ್ಯೇಕ ನಿಯಮ ತಂದಿತು. ಮೊದಲ ನೋಂದಣಿಯಾಗಿ 50 ವರ್ಷ ಮೀರಿದ, ಚಾಸಿ, ಬಾಡಿ ಅಥವಾ ಎಂಜಿನ್‌ನಲ್ಲಿ ಗಣನೀಯ ಬದಲಾವಣೆ ಇಲ್ಲದ ಖಾಸಗಿ ದ್ವಿಚಕ್ರ ಮತ್ತು ನಾಲ್ಕು ಚಕ್ರ ವಾಹನಗಳಿಗೆ ಇದು ಅನ್ವಯಿಸುತ್ತದೆ. ನೋಂದಣಿ ಸಂಖ್ಯೆಯಲ್ಲಿ ರಾಜ್ಯದ ಸಂಕೇತದ ನಂತರ ವಿಎ ಎಂಬ ಅಕ್ಷರಗಳು ಬರುತ್ತವೆ. ಹೊಸ ನೋಂದಣಿಗೆ 20 ಸಾವಿರ ರೂಪಾಯಿ ಶುಲ್ಕ, ಅವಧಿ 10 ವರ್ಷ. ನವೀಕರಣಕ್ಕೆ 5 ಸಾವಿರ ರೂಪಾಯಿ. ಇಂಥ ವಾಹನಗಳನ್ನು ಪ್ರದರ್ಶನ, ತಾಂತ್ರಿಕ ಸಂಶೋಧನೆ, ವಿಂಟೇಜ್ ರ್‍ಯಾಲಿ, ಇಂಧನ ಭರ್ತಿ ಮತ್ತು ದುರಸ್ತಿಗೆ ರಸ್ತೆಗೆ ತರಬಹುದು, ನಿತ್ಯದ ಬಳಕೆಗೆ ಅಲ್ಲ. ಬ್ರೇಕಿನ ರಬ್ಬರು, ಹೋಸು ಅಥವಾ ದ್ರವದ ಬದಲಾವಣೆ ಚಾಸಿ, ಬಾಡಿ, ಎಂಜಿನ್‌ಗಳ ಬದಲಾವಣೆಯಲ್ಲ. ಮೂಲರೂಪ ಕೆಡುತ್ತದೆಂಬ ಅಂಜಿಕೆಯಿಂದ ಹಳೆಯ ರಬ್ಬರನ್ನು ಉಳಿಸಿಕೊಳ್ಳುವ ಅಗತ್ಯವಿಲ್ಲ.

ಸಂಗ್ರಹವಾಗಿ ಹೇಳುವುದಾದರೆ, ಹೊಸ ರಬ್ಬರು, ಸೀಲ್ ಒಡೆಯದ ಡಾಟ್ 4 ಡಬ್ಬಿ, ಎರಡು ವರ್ಷಕ್ಕೊಮ್ಮೆ ಬದಲಾವಣೆ: ಬಹುತೇಕ ಹಳೆಯ ಸ್ಪೋರ್ಟ್ಸ್ ಕಾರುಗಳಿಗೆ ಈ ಮೂರು ಸಾಕು. ಒಂದು ಪೆಟ್ರೋಲ್ ಟ್ಯಾಂಕ್ ತುಂಬಿಸುವ ವೆಚ್ಚಕ್ಕಿಂತಲೂ ಈ ದ್ರವದ ವೆಚ್ಚ ಕಡಿಮೆ. ಮುಳಬಾಗಿಲು ದಾಟಿ ಇಳಿಜಾರಿನತ್ತ ಹೊರಡುವ ಮುನ್ನ ಬಾನೆಟ್ ಎತ್ತಿ ಆ ಪುಟ್ಟ ಡಬ್ಬಿಯ ಮಟ್ಟ ಮತ್ತು ಬಣ್ಣವನ್ನು ನೋಡಲು ಒಂದು ನಿಮಿಷ ಸಾಕು.